ಲಾಗ್‌ಬುಕ್ ಸ್ಕ್ಯಾನ್ ಮಾಡಿದರೆ ಪೋರ್ಟ್‌ಫೋಲಿಯೊ ಆಗುತ್ತದೆಯೇ?

ಪ್ರಶ್ನೆ: ಹಾಸನದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಬಿ.ಎಸ್ಸಿ. ಬ್ಯಾಚಿನಲ್ಲಿ 60 ಮಕ್ಕಳು, ಆಸ್ಪತ್ರೆ ಪೋಸ್ಟಿಂಗ್ ನೋಡಿಕೊಳ್ಳಲು ನಾವು ನಾಲ್ವರು. ಬರುವ ಸೆಮಿಸ್ಟರ್‌ನಿಂದ ಪ್ರತಿಯೊಬ್ಬರೂ ಡಿಜಿಟಲ್ ಪೋರ್ಟ್‌ಫೋಲಿಯೊ (ತಮ್ಮ ಕಲಿಕೆಯ ಬರಹಗಳ ಸಂಗ್ರಹ) ಇಡಬೇಕು, ವಾರಕ್ಕೆ ಎರಡು ರಿಫ್ಲೆಕ್ಷನ್ (ತಮ್ಮ ಅನುಭವದ ಅವಲೋಕನ ಬರಹ) ಬರೆಯಬೇಕು, ಅದಕ್ಕೆ ಇಂಟರ್ನಲ್ಸ್‌ನಲ್ಲಿ ಅಂಕ ಎಂದು ತೀರ್ಮಾನವಾಗಿದೆ. ಹಿಂದೆ ಪುಸ್ತಕದಲ್ಲಿ ಬರೆಸಿದಾಗ ಅರ್ಧ ತರಗತಿಯ ಬರಹ ಒಂದೇ ಅಚ್ಚಿನಲ್ಲಿತ್ತು: "ರೋಗಿಗೆ ಆರೈಕೆ ನೀಡಿದೆ, ತುಂಬಾ ಸಂತೋಷವಾಯಿತು, ಬಹಳ ಕಲಿತೆ." ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷ್‌ನಲ್ಲಿ ಬರೆಯಲು ಹೆದರುತ್ತಾರೆ. ಕೆಲವರು ರೋಗಿಯ ಗಾಯದ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿ "ಎವಿಡೆನ್ಸ್ ಮೇಡಂ" ಅನ್ನುತ್ತಾರೆ. ಸಕಲೇಶಪುರದ ಕಡೆ ಕಮ್ಯೂನಿಟಿ ಪೋಸ್ಟಿಂಗ್ ಹೋದರೆ ನೆಟ್‌ವರ್ಕ್ ಸಿಗುವುದಿಲ್ಲ. ಒಬ್ಬ ಹುಡುಗಿ ತನ್ನಿಂದಾದ ತಪ್ಪೊಂದನ್ನು ಬರೆದು, ನನಗೆ ತೋರಿಸುವ ಮೊದಲು ಅಳಿಸಿಹಾಕಿದಳು. ಕಂಪನಿಯವರೊಬ್ಬರು ಬಂದು ಸಾಫ್ಟ್‌ವೇರ್ ತೋರಿಸಿ ಹೋಗಿದ್ದಾರೆ. ಇದರಿಂದ ನಿಜವಾಗಿ ಕಲಿಕೆ ಆಗುತ್ತದೆಯೇ, ಅಥವಾ ನಮಗೆ ಇನ್ನೊಂದು ದಾಖಲೆ ಕೆಲಸವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಮಕ್ಕಳು ಇದರಿಂದ ಏನಾದರೂ ಕಲಿಯುತ್ತಾರೆಯೇ ಎಂಬುದನ್ನು ನೀವು ನೇರವಾಗಿ ಕೇಳಿದ್ದೀರಿ. ಇನ್ನೊಂದನ್ನು ಕೇಳಿಲ್ಲ, ಆದರೆ ಅಳಿಸಿಹಾಕಿದ ಆ ಬರಹದ ಪ್ರಸಂಗದಲ್ಲಿ ಅದೇ ಇದೆ: ಮನಸ್ಸು ಬಿಚ್ಚಿ ಬರೆದದ್ದು ನಾಳೆ ಅವಳಿಗೇ ಮುಳುವಾದರೆ?

ಮೊದಲನೆಯದಕ್ಕೆ ಉತ್ತರ, ಹೌದು, ಕಲಿಕೆ ಆಗುತ್ತದೆ. ಆದರೆ ವಾರಕ್ಕೆ ಎರಡು, ಪ್ರತಿಯೊಂದಕ್ಕೂ ಅಂಕ ಎಂಬ ಈಗಿನ ಯೋಜನೆಯಲ್ಲಿ ಆಗುವುದಿಲ್ಲ. ಪುಸ್ತಕದಲ್ಲಿ ಸಿಕ್ಕ ಅದೇ "ಸಂತೋಷವಾಯಿತು" ಪರದೆಯ ಮೇಲೆ ಸಿಗುತ್ತದೆ. ಮಕ್ಕಳು ಸೋಮಾರಿಗಳಾಗಿ ಹಾಗೆ ಬರೆಯುತ್ತಾರೆ ಎಂದುಕೊಳ್ಳಬೇಡಿ. ತಾವು ಬರೆದದ್ದನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದನ್ನು ಅವರು ಮೊದಲ ತಿಂಗಳಲ್ಲೇ ಅಳೆದುಬಿಡುತ್ತಾರೆ. ಸೆಮಿಸ್ಟರ್ ಕೊನೆಗೆ ಯಾರೋ ಪುಟ ಎಣಿಸಿ ಸಹಿ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ಯಾವ ಬುದ್ಧಿವಂತ ಹುಡುಗಿಯೂ ತನ್ನ ಗೊಂದಲವನ್ನು ಅದರಲ್ಲಿ ಬರೆಯುವುದಿಲ್ಲ. ಸಾಫ್ಟ್‌ವೇರ್ ಆರಿಸುವ ಮೊದಲು ಈ ಮೂರು ಪ್ರಶ್ನೆಗಳಿಗೆ ನೀವು ನಾಲ್ವರು ಕೂತು ಉತ್ತರ ಬರೆದಿಟ್ಟುಕೊಳ್ಳಬೇಕು.

ಲಾಗ್‌ಬುಕ್ ಬೇರೆ, ಇದು ಬೇರೆ

ಲಾಗ್‌ಬುಕ್ಕನ್ನು ಪಿಡಿಎಫ್ ಮಾಡಿ ಡ್ರೈವ್‌ಗೆ ಏರಿಸಿದರೆ ಪೋರ್ಟ್‌ಫೋಲಿಯೊ ಆಯಿತು ಎಂಬ ನಂಬಿಕೆ ಬಹಳ ಕಡೆ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮ 2021ರಲ್ಲಿ ಗೆಜೆಟ್‌ನಲ್ಲಿ ಪ್ರಕಟವಾಗಿ, ಎಂಟು ಸೆಮಿಸ್ಟರ್‌ಗಳ ಪದ್ಧತಿ ಬಂತು. ಅದರ ಜೊತೆಯಲ್ಲೇ ಕ್ಲಿನಿಕಲ್ ಲಾಗ್‌ಬುಕ್ ಇದೆ. ವಿದ್ಯಾರ್ಥಿ ಒಂದು ಕೌಶಲವನ್ನು ಮೇಲ್ವಿಚಾರಣೆ ಇಲ್ಲದೆ ಮಾಡಬಲ್ಲ ಮೂರನೇ ಹಂತಕ್ಕೆ ಬರುವವರೆಗೆ ಮಾಡುತ್ತಲೇ ಇರಬೇಕು, ಬಂದಾಗ ಸಹಿ ಬೀಳುತ್ತದೆ. ಕ್ಯಾತಿಟರ್ ಹಾಕಲು ಬರುತ್ತದೆಯೇ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ಅದನ್ನು ತೆಗೆಯುವ ಹಾಗಿಲ್ಲ, ತೆಗೆಯಲೂಬಾರದು.

ಪೋರ್ಟ್‌ಫೋಲಿಯೊ ಉತ್ತರಿಸಬೇಕಾದದ್ದು ಇನ್ನೊಂದು ಪ್ರಶ್ನೆಗೆ: ಮೊದಲ ಸಲ ಮಾಡಿದ್ದಕ್ಕೂ ಹತ್ತನೇ ಸಲ ಮಾಡಿದ್ದಕ್ಕೂ ನಡುವೆ ಈ ಹುಡುಗಿಯ ಯೋಚನೆ ಎಲ್ಲಿ ಬದಲಾಯಿತು? ಆ ಬದಲಾವಣೆಯನ್ನು ತೋರಿಸುವ ಆಯ್ದ ಬರಹಗಳು, ಕೇರ್ ಪ್ಲ್ಯಾನ್‌ಗಳು, ಕೌಶಲಗಳನ್ನು ಮಾಡಿ ತೋರಿಸುವ ಓಎಸ್‌ಸಿಇ ಪರೀಕ್ಷೆಯಲ್ಲಿ ಸಿಕ್ಕ ಟಿಪ್ಪಣಿಗಳು, ಆರೋಗ್ಯ ಶಿಕ್ಷಣಕ್ಕೆ ಮಾಡಿದ ಚಾರ್ಟ್, ಇವುಗಳ ನಡುವಿನ ಕೊಂಡಿಗಳು ಅದರೊಳಗೆ ಇರಬೇಕು. ಡಿಜಿಟಲ್ ಆಗುವುದರ ನಿಜವಾದ ಲಾಭ ಇಲ್ಲಿದೆ. ಎರಡನೇ ಸೆಮಿಸ್ಟರ್‌ನಲ್ಲಿ ಬರೆದದ್ದನ್ನು ಆರನೇ ಸೆಮಿಸ್ಟರ್‌ನಲ್ಲಿ ಹುಡುಕಿ ತೆಗೆದು ಪಕ್ಕದಲ್ಲಿಟ್ಟು ನೋಡಬಹುದು, ಬೇರೆ ಊರಿನ ಪೋಸ್ಟಿಂಗ್‌ನಲ್ಲಿದ್ದರೂ ನಿಮ್ಮ ಉತ್ತರ ಅದೇ ವಾರ ಅವಳಿಗೆ ತಲುಪುತ್ತದೆ. ಪುಸ್ತಕದಲ್ಲಿ ಈ ಎರಡೂ ಕಷ್ಟ. ಇವೆರಡನ್ನು ಬಳಸದಿದ್ದರೆ ಪುಸ್ತಕವೇ ಸಾಕು.

ಅವಲೋಕನ ಎಂದರೆ ಎಷ್ಟು, ಹೇಗೆ

ಮೆಡಿಸಿನ್ ವಾರ್ಡಿನ ಒಂದು ಸಾಮಾನ್ಯ ಪ್ರಸಂಗ ತೆಗೆದುಕೊಳ್ಳೋಣ. 500 ಮಿಲಿ ನಾರ್ಮಲ್ ಸಲೈನ್, ಎಂಟು ಗಂಟೆಯಲ್ಲಿ ಹೋಗಬೇಕು ಎಂದು ಆರ್ಡರ್ ಇದೆ. ಡ್ರಿಪ್ ಸೆಟ್‌ನಲ್ಲಿ ಮಿಲಿಗೆ 20 ಹನಿ. ಲೆಕ್ಕದಂತೆ ನಿಮಿಷಕ್ಕೆ ಸುಮಾರು 21 ಹನಿ. ವಿದ್ಯಾರ್ಥಿನಿ ಸರಿಯಾಗಿ ಲೆಕ್ಕ ಹಾಕಿ, ಹನಿ ಎಣಿಸಿ, ಕೊಳವೆಯ ರೋಲರ್‌ನಿಂದ ವೇಗ ಹೊಂದಿಸಿ ಬಂದಳು. ಮೂರು ಗಂಟೆಯಲ್ಲಿ ಬಾಟಲಿ ಖಾಲಿ. ಲಾಗ್‌ಬುಕ್ಕಿನಲ್ಲಿ "ಐವಿ ದ್ರವ ನಿರ್ವಹಣೆ: 1" ಎಂದಷ್ಟೇ ಇರುತ್ತದೆ. ಅಂಕಕ್ಕಾಗಿ ಬರೆದ ರಿಫ್ಲೆಕ್ಷನ್‌ನಲ್ಲಿ "ಐವಿ ನಿರ್ವಹಣೆಯ ಮಹತ್ವ ಅರಿತೆ" ಎಂದಿರುತ್ತದೆ. ಎರಡರಿಂದಲೂ ಅವಳಿಗೆ ಉಪಯೋಗವಿಲ್ಲ.

ಉಪಯೋಗಕ್ಕೆ ಬರುವ ಬರಹ ಹೀಗಿರುತ್ತದೆ: "ಹತ್ತು ಗಂಟೆಗೆ 21 ಹನಿ ಎಣಿಸಿದ್ದೆ. ಆಮೇಲೆ ಎಣಿಸಲಿಲ್ಲ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ನಳಿಕೆ) ಮೊಣಕೈ ಮಡಿಕೆಯಲ್ಲಿತ್ತು. ಅಜ್ಜ ಕೈ ಮಡಿಸಿದಾಗ ಡ್ರಿಪ್ ನಿಂತಿತಂತೆ, ಜೊತೆಗಿದ್ದವರು ರೋಲರ್ ಸಡಿಲ ಮಾಡಿದರಂತೆ. ಕೈ ಚಾಚಿದಾಗ ಜೋರಾಗಿ ಹೋಗಿದೆ. ಮುಟ್ಟಬೇಡಿ ಎಂದು ನಾನು ಅವರಿಗೆ ಹೇಳಿರಲಿಲ್ಲ. ಒಮ್ಮೆ ಹೊಂದಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ."

ಕೊನೆಯ ವಾಕ್ಯ ನೋಡಿ. ಅವಳ ಕೈಕೆಲಸ ಸರಿಯಿತ್ತು, ಲೆಕ್ಕ ಸರಿಯಿತ್ತು, ತಪ್ಪಿದ್ದು ಆ ಎಣಿಕೆಯ ಹಿಂದಿದ್ದ ಊಹೆ. ಅದು ಹೊರಬಂದರೆ ಮಾತ್ರ ತಿದ್ದಿಕೊಳ್ಳಲು ಸಾಧ್ಯ. ನೀವು ಅದರ ಕೆಳಗೆ ಬರೆಯಬೇಕಾದದ್ದು ಎರಡು ಸಾಲು: "ಕಾರಣ ಹುಡುಕಿದ್ದು ಸರಿಯಾಗಿದೆ. ಹೃದಯ ದುರ್ಬಲವಾಗಿರುವ ವಯಸ್ಸಾದವರಿಗೆ ಇದೇ ಆಗಿದ್ದರೆ ಒಂದು ಗಂಟೆಯೊಳಗೆ ಏನು ಗಮನಿಸುತ್ತಿದ್ದೆ? ಬಾಟಲಿಗೆ ಗಂಟೆ ಗುರುತಿನ ಪಟ್ಟಿ ಅಂಟಿಸುವ ಬಗ್ಗೆ ಓದಿ, ನಾಳೆ ಒಂದು ಬೆಡ್‌ನಲ್ಲಿ ಮಾಡಿ ತೋರಿಸು." ಗಮನಿಸಿದ ಒಂದು ಸಂಗತಿ, ಒಂದು ಪ್ರಶ್ನೆ, ಒಂದು ಕೆಲಸ. ವ್ಯಾಕರಣ ತಿದ್ದಬೇಡಿ. ಕೆಂಪು ಗೆರೆ ಕಂಡ ಮುಂದಿನ ವಾರದಿಂದ ಬರಹ ಮತ್ತೆ "ಸಂತೋಷವಾಯಿತು"ಗೆ ತಿರುಗುತ್ತದೆ.

ಈ ತರಹದ ಉತ್ತರಕ್ಕೆ ಓದುವುದೂ ಸೇರಿ ಎಂಟು ನಿಮಿಷ ಬೇಕು. ಈಗ ಲೆಕ್ಕ ಹಾಕಿ. ವಾರಕ್ಕೆ ಎರಡರಂತೆ 60 ಮಕ್ಕಳ 120 ಬರಹ, 16 ಗಂಟೆ. ನಾಲ್ವರಿಗೆ ಹಂಚಿದರೂ ಪ್ರತಿಯೊಬ್ಬರಿಗೆ ವಾರಕ್ಕೆ ನಾಲ್ಕು ಗಂಟೆ, ವಾರ್ಡು, ಪಾಠ, ಲಾಗ್‌ಬುಕ್ ಸಹಿ ಎಲ್ಲದರ ಮೇಲೆ. ಮೂರನೇ ವಾರಕ್ಕೆ ನೀವು ಓದುವುದನ್ನು ನಿಲ್ಲಿಸುತ್ತೀರಿ, ನಾಲ್ಕನೇ ವಾರಕ್ಕೆ ಅದು ಮಕ್ಕಳಿಗೆ ಗೊತ್ತಾಗುತ್ತದೆ. ಎರಡು ವಾರಕ್ಕೆ ಒಂದು ಬರಹ ಎಂದಿಟ್ಟುಕೊಳ್ಳಿ. ನಿಮ್ಮ ಪಾಲಿನ 15 ಮಕ್ಕಳಿಗೆ ಎರಡು ವಾರದಲ್ಲಿ ಎರಡು ಗಂಟೆ. 20 ವಾರದ ಸೆಮಿಸ್ಟರ್‌ಗೆ ಒಬ್ಬೊಬ್ಬರದು ಹತ್ತು ಬರಹ. ಓದಿ ಉತ್ತರಿಸಿದ ಹತ್ತು ಬರಹ, ಓದದೇ ಬಿಟ್ಟ ನಲವತ್ತಕ್ಕಿಂತ ಎಷ್ಟೋ ಮೇಲು. ಈ ಲೆಕ್ಕವನ್ನೇ ಹಾಳೆಯ ಮೇಲೆ ಬರೆದು ಪ್ರಾಂಶುಪಾಲರ ಮುಂದಿಡಿ. ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಉತ್ತರ ಏಳು ದಿನದೊಳಗೆ ಹೋಗಬೇಕು. ಅದು ದಾಟಿದರೆ ವಾರ್ಡ್ ಬದಲಾಗಿರುತ್ತದೆ, ಪ್ರಸಂಗ ಮರೆತಿರುತ್ತದೆ.

ಬರೆಯುವ ಸಮಯವನ್ನೂ ನೀವೇ ಕೊಡಬೇಕು. ಹಾಸ್ಟೆಲ್‌ಗೆ ಹೋಗಿ ರಾತ್ರಿ ಬರೆಯಿರಿ ಎಂದರೆ ಒಬ್ಬಳು ಬರೆಯುತ್ತಾಳೆ, ಉಳಿದವರು ಪದ ಬದಲಿಸುತ್ತಾರೆ. ಪೋಸ್ಟಿಂಗ್ ದಿನದ ಕೊನೆಯ ಅರ್ಧ ಗಂಟೆಯ ಪೋಸ್ಟ್ ಕಾನ್ಫರೆನ್ಸ್‌ನಲ್ಲಿ ಹತ್ತು ನಿಮಿಷ ಮಾತು, 20 ನಿಮಿಷ ಬರಹ ಎಂದು ಮಾಡಿ. 150ರಿಂದ 250 ಪದ ಸಾಕು.

ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಚಕ್ರವನ್ನು ನೀವು ಓದಿಯೇ ಇರುತ್ತೀರಿ: ಏನು ನಡೆಯಿತು, ಏನನ್ನಿಸಿತು, ಒಳ್ಳೆಯದು ಕೆಟ್ಟದು, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ಒಳ್ಳೆಯ ಚೌಕಟ್ಟು. ಆದರೆ ಮೊದಲ ವರ್ಷದ ಮಕ್ಕಳ ಕೈಗೆ ಅದನ್ನು ಕೊಟ್ಟರೆ ಅರ್ಜಿ ಫಾರಂ ತುಂಬಿದ ಹಾಗೆ ಆರೂ ಶೀರ್ಷಿಕೆಗೆ ಒಂದೊಂದು ವಾಕ್ಯ ಬರೆಯುತ್ತಾರೆ. ಮೊದಲ ಮೂರು ಸೆಮಿಸ್ಟರ್‌ಗೆ ಮೂರೇ ಪ್ರಶ್ನೆ ಇಡಿ: ಏನಾಯಿತು? ಯಾಕೆ ಹಾಗಾಯಿತು, ನಾನು ಏನೆಂದುಕೊಂಡಿದ್ದೆ? ಮುಂದಿನ ಸಲ ಏನು ಬೇರೆ ಮಾಡುತ್ತೇನೆ? ಗಿಬ್ಸ್ ಚಕ್ರ ಆಮೇಲೆ ಬರಲಿ. ಪ್ರತಿ ಸಲ ದುಃಖದ್ದೋ ತಪ್ಪಿನದ್ದೋ ಪ್ರಸಂಗವೇ ಬೇಕೆಂದಿಲ್ಲ ಎಂದೂ ಹೇಳಿ. ಸರಿಯಾಗಿ ನಡೆದ ಹೆರಿಗೆ ಯಾಕೆ ಸರಿಯಾಗಿ ನಡೆಯಿತು ಎಂದು ಬಿಡಿಸಿ ಬರೆಯುವುದೂ ಕಷ್ಟದ ಕೆಲಸವೇ.

ಭಾಷೆ

ಪರೀಕ್ಷೆ ಇಂಗ್ಲಿಷ್‌ನಲ್ಲಿ, ಹಾಗಾಗಿ ಇದೂ ಇಂಗ್ಲಿಷ್‌ನಲ್ಲೇ ಇರಬೇಕು ಎಂಬ ವಾದ ನಿಲ್ಲುವುದಿಲ್ಲ. ಅರಕಲಗೂಡಿನ ಹುಡುಗಿಗೆ "ಜೊತೆಗಿದ್ದವರು ರೋಲರ್ ಸಡಿಲ ಮಾಡಿದರಂತೆ" ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯಲು ಬಾರದಿದ್ದರೆ ಅವಳು ಅದನ್ನು ಬಿಟ್ಟು, ಬರುವ ವಾಕ್ಯವನ್ನು ಬರೆಯುತ್ತಾಳೆ. ಬಿಟ್ಟುಹೋದದ್ದರಲ್ಲೇ ಕಲಿಕೆ ಇತ್ತು. ಕನ್ನಡದಲ್ಲಿ ಬರೆಯಲಿ, ಮಾತಿನಲ್ಲಿ ಬರುವ ಹಾಗೆ ಇಂಗ್ಲಿಷ್ ಪದ ಬೆರೆತಿರಲಿ. ಸೆಮಿಸ್ಟರ್‌ಗೆ ಎರಡು ಬರಹವನ್ನು ಅವಳೇ ಆರಿಸಿ ಇಂಗ್ಲಿಷ್‌ನಲ್ಲಿ ಅರ್ಧ ಪುಟಕ್ಕೆ ಇಳಿಸಲಿ. ಭಾಷೆಯ ಅಭ್ಯಾಸಕ್ಕೆ ಅಷ್ಟು ಸಾಕು. ಕೇರಳದ ಮಕ್ಕಳು ನಿಮ್ಮ ಬ್ಯಾಚಿನಲ್ಲಿದ್ದರೆ ಅವರಿಗೂ ಇದೇ ಸ್ವಾತಂತ್ರ್ಯ ಕೊಡಿ, ಓದಬಲ್ಲ ಶಿಕ್ಷಕರ ಪಾಲಿಗೆ ಅವರನ್ನು ಹಾಕಿ. ಅಂಥವರು ಯಾರೂ ಇಲ್ಲದಿದ್ದರೆ ಹತ್ತು ನಿಮಿಷ ಎದುರು ಕೂರಿಸಿಕೊಂಡು ಮಾತಾಡಿ.

ಕನ್ನಡ ಟೈಪಿಂಗ್ ನಿಧಾನ ಎನ್ನುವವರಿಗೆ ಮೊಬೈಲ್ ಕೀಬೋರ್ಡಿನ ಧ್ವನಿ ಟೈಪಿಂಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದನ್ನು ವಾರ್ಡ್ ಕಾರಿಡಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಬಳಸಬಾರದು. ರೋಗಿಯ ವಿಷಯವನ್ನು ಗಟ್ಟಿಯಾಗಿ ಹೇಳಿದಂತಾಗುತ್ತದೆ.

ಯಾರಿಗೆ ಏನು ಕಾಣಬೇಕು

ಮಲೆನಾಡಿನ ಮನೆಯಲ್ಲಿ ಜಗುಲಿಗೆ ಯಾರು ಬೇಕಾದರೂ ಬಂದು ಕೂರುತ್ತಾರೆ, ಒಳಕೋಣೆಗೆ ಮನೆಯವರಷ್ಟೇ ಹೋಗುತ್ತಾರೆ. ಪೋರ್ಟ್‌ಫೋಲಿಯೊಗೂ ಈ ಎರಡು ಜಾಗ ಇರಲೇಬೇಕು. ವಿದ್ಯಾರ್ಥಿನಿ ಕಚ್ಚಾ ಬರೆಯುವ ಜಾಗ ಅವಳೊಬ್ಬಳದೇ. ಅದರಿಂದ ಅವಳೇ ಆರಿಸಿ ಕಳಿಸಿದ್ದು ಮಾತ್ರ ನಿಮಗೆ. ನಿಮ್ಮಿಂದಾಚೆ ಪ್ರಾಂಶುಪಾಲರಿಗೆ, ಬಾಹ್ಯ ಪರೀಕ್ಷಕರಿಗೆ, ತಪಾಸಣೆಗೆ ಬಂದವರಿಗೆ ತೋರಿಸುವುದು ಅವಳು ಅಂತಿಮಗೊಳಿಸಿದ ಕೆಲವು ಪುಟ ಮಾತ್ರ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸೆಟ್ಟಿಂಗ್‌ನಲ್ಲಿ ಇರಬೇಕು.

ಮಹಾರಾ ಎಂಬ ತಂತ್ರಾಂಶ ನ್ಯೂಜಿಲೆಂಡ್‌ನಲ್ಲಿ 2006ರಲ್ಲಿ ಮುಕ್ತ ತಂತ್ರಾಂಶವಾಗಿ ಶುರುವಾದದ್ದು, ಪೋರ್ಟ್‌ಫೋಲಿಯೊಗಾಗಿಯೇ ಮಾಡಿದ್ದು. ಅದರಲ್ಲಿ ಪುಟದ ಒಡೆತನ ವಿದ್ಯಾರ್ಥಿಯದು. ಸಲ್ಲಿಸಿದ ಪುಟ ಮಾತ್ರ ಶಿಕ್ಷಕರಿಗೆ ಕಾಣುತ್ತದೆ, ನೀವು ನೋಡಿ ಬಿಡುವವರೆಗೆ ಬದಲಿಸಲಾಗದಂತೆ ಬೀಗ ಬೀಳುತ್ತದೆ. ಕೋರ್ಸ್ ಮುಗಿದಾಗ ಎಲ್ಲವನ್ನೂ ಹೊರತೆಗೆದುಕೊಂಡು ಹೋಗಬಹುದು. ಆದರೆ ಸರ್ವರ್ ಬೇಕು, ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಕೆಲಸ ಬಿಟ್ಟ ದಿನ ಇಡೀ ವ್ಯವಸ್ಥೆ ನಿಲ್ಲುತ್ತದೆ. ಕಾಲೇಜಿನಲ್ಲಿ ಆನ್‌ಲೈನ್ ಪಾಠಗಳ ಮೂಡಲ್ ತಂತ್ರಾಂಶ ಈಗಾಗಲೇ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಇಲ್ಲದಿದ್ದರೆ ಗೂಗಲ್ ಡ್ರೈವ್ ಮತ್ತು ಡಾಕ್ಸ್ ಸಾಕು. ಅದರಲ್ಲಿ ತಪ್ಪುವ ಜಾಗಗಳು ಗೊತ್ತಿರಬೇಕು ಅಷ್ಟೆ. ಪ್ರತಿ ವಿದ್ಯಾರ್ಥಿನಿಗೆ ಎರಡು ಪ್ರತ್ಯೇಕ ಫೋಲ್ಡರ್, ಒಂದರೊಳಗೊಂದು ಬೇಡ. ಹಂಚಿದ ಫೋಲ್ಡರಿನೊಳಗೆ ಹಾಕಿದ ಪ್ರತಿ ಕಡತಕ್ಕೂ ಫೋಲ್ಡರಿನ ಅನುಮತಿ ತಾನಾಗಿಯೇ ಬರುತ್ತದೆ, ಕಚ್ಚಾ ಬರಹ ನಿಮಗೆ ಕಾಣಿಸಿಬಿಡುವುದು ಹೀಗೆಯೇ. ಹಂಚುವಾಗ "ಲಿಂಕ್ ಇರುವ ಯಾರಾದರೂ" ಎಂಬುದನ್ನು ಎಂದೂ ಒತ್ತಬಾರದು. ಆ ಲಿಂಕ್ ಒಮ್ಮೆ ವಾಟ್ಸಾಪ್‌ಗೆ ಹೋದರೆ ಮತ್ತೆ ಕೈಗೆ ಸಿಗುವುದಿಲ್ಲ. "ರಿಸ್ಟ್ರಿಕ್ಟೆಡ್" ಇಟ್ಟು ನಿಮ್ಮ ಇಮೇಲ್ ಒಂದನ್ನೇ ಸೇರಿಸಲಿ, ನಿಮಗೆ ಎಡಿಟರ್ (ತಿದ್ದುವ) ಬದಲು ಕಾಮೆಂಟರ್ (ಟಿಪ್ಪಣಿಯಷ್ಟೇ ಬರೆಯುವ) ಅನುಮತಿ ಕೊಡಲಿ. ಇದಕ್ಕೊಂದು ಮುಖ್ಯ ಕಾರಣ ಇದೆ. ಎಡಿಟರ್ ಆದವರಿಗೆ ವರ್ಷನ್ ಹಿಸ್ಟರಿಯಲ್ಲಿ (ಕಡತದ ಹಿಂದಿನ ರೂಪಗಳ ದಾಖಲೆಯಲ್ಲಿ) ಅಳಿಸಿದ ಸಾಲುಗಳೂ ಕಾಣುತ್ತವೆ. ನಿಮ್ಮ ಆ ಹುಡುಗಿ ಅಳಿಸಿದ್ದನ್ನು ಯಾರೋ ಹಿಂದಿನಿಂದ ತೆರೆದು ನೋಡಬಹುದು ಎಂದಾದರೆ ಆ ಮೇಲೆ ಅವಳು ಬರೆಯುವುದಿಲ್ಲ.

ಕಾಲೇಜಿನ ಇಮೇಲ್ ಖಾತೆಯೋ ಸ್ವಂತದ್ದೋ? ಎರಡಕ್ಕೂ ತೊಡಕಿದೆ. ಕಾಲೇಜಿನ ಖಾತೆ ಕೋರ್ಸ್ ಮುಗಿದ ಮೇಲೆ ಮುಚ್ಚಿಹೋಗಬಹುದು, ಅಡ್ಮಿನ್‌ಗೆ ಒಳಗಿನದನ್ನು ನೋಡುವ ದಾರಿಯೂ ಇರುತ್ತದೆ. ಸ್ವಂತ ಖಾತೆಯಲ್ಲಿ 15 ಜಿಬಿ ಜಾಗವನ್ನು ಫೋಟೊ, ಇಮೇಲ್ ಎಲ್ಲ ಹಂಚಿಕೊಳ್ಳುತ್ತವೆ. ಎರಡು ವರ್ಷ ಬಳಸದಿದ್ದರೆ ಖಾತೆಯನ್ನೇ ಅಳಿಸುವ ಅಧಿಕಾರ ಗೂಗಲ್‌ಗಿದೆ. ಎಷ್ಟೋ ಹುಡುಗಿಯರು ಮನೆಯವರ ಫೋನಿನಲ್ಲಿ ಅದೇ ಖಾತೆ ತೆರೆದಿಟ್ಟಿರುತ್ತಾರೆ ಎಂಬುದನ್ನು ನಾವು ಶಿಕ್ಷಕರು ಮರೆಯುತ್ತೇವೆ. ರೋಗಿಯ ವಿಷಯ ಮನೆಯ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಇದೊಂದೇ ಕಾರಣಕ್ಕೆ ನಾನು ಕಾಲೇಜಿನ ಖಾತೆಯ ಕಡೆ ವಾಲುತ್ತೇನೆ. ಅಡ್ಮಿನ್ ಯಾವಾಗ, ಯಾರ ಲಿಖಿತ ಅನುಮತಿಯಿಂದ ಒಳಗೆ ನೋಡಬಹುದು ಎಂಬ ನಿಯಮವನ್ನು ಮೊದಲೇ ಬರೆದಿಡಬೇಕು. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್‌ನ ಮೂಲ ಆವೃತ್ತಿ ಉಚಿತ.

ನೆಟ್‌ವರ್ಕ್ ಸಮಸ್ಯೆಗೆ ಪರಿಹಾರ ಸರಳ. ಡಾಕ್ಸ್ ಆಪ್‌ನಲ್ಲಿ ಆ ಕಡತವನ್ನು ಆಫ್‌ಲೈನ್ ಮಾಡಿಟ್ಟುಕೊಂಡು ಹೋದರೆ ಸಕಲೇಶಪುರದಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಬರೆಯಬಹುದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಒಂದೇ ಕಡತವನ್ನು ಎರಡು ಫೋನಿನಲ್ಲಿ ಆಫ್‌ಲೈನ್ ತೆರೆದು ಬರೆಯಬಾರದು. ಫೋನ್ ಬಿಡದ ವಾರ್ಡ್‌ಗಳಲ್ಲಿ ಜೇಬಿನ ಚೀಟಿಯಲ್ಲಿ ಹೆಸರು, ಬೆಡ್ ನಂಬರ್ ಇಲ್ಲದ ಮೂರು ಪದ ಗುರುತು ಹಾಕಿಕೊಂಡರೆ ನೆನಪಿಗೆ ಸಾಕು.

ಫೋಟೊ, ಹೆಸರು, ಊರು

ಗಾಯದ ಫೋಟೊ ಇವತ್ತೇ ನಿಲ್ಲಿಸಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಆಯ್ಕೆಗಳನ್ನು ಮುಂದಿಡುವುದಿಲ್ಲ. ಮುಖ ಕತ್ತರಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಹಚ್ಚೆ, ಕೈಪಟ್ಟಿ, ಹಿಂದೆ ಮೇಜಿನ ಮೇಲಿರುವ ಕೇಸ್ ಶೀಟ್, ಹಾಸಿಗೆಯ ಮೇಲಿನ ಆಸ್ಪತ್ರೆ ಮುದ್ರೆ ಇವೆಲ್ಲ ಗುರುತು ಹೇಳುತ್ತವೆ. ಫೋಟೊ ಕಡತದೊಳಗೆ ತೆಗೆದ ಸಮಯ ಇರುತ್ತದೆ, ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತದೆ. ವಾಟ್ಸಾಪ್ ಗ್ರೂಪಿಗೆ ಬಂದ ಚಿತ್ರ 60 ಫೋನುಗಳ ಗ್ಯಾಲರಿಗೆ ಇಳಿದು, ಅಲ್ಲಿಂದ ಬ್ಯಾಕಪ್‌ಗೆ ಹೋಗುತ್ತದೆ. ಆಮೇಲೆ ಅಳಿಸು ಎಂದರೆ ಎಲ್ಲಿಂದ ಅಳಿಸುವುದು? ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ 2017ರ ಕಾಯ್ದೆ ಇದೆ, ಮಾನಸಿಕ ರೋಗಿಯ ಗೋಪ್ಯತೆಗೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಇದೆ. ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಪೋಕ್ಸೊ ಕಾಯ್ದೆ ಕಾಯುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ 2023ರಲ್ಲಿ ಬಂದಿದೆ. ವಾರ್ಡ್‌ನಲ್ಲಿರುವ ರೋಗಿಗೆ ವಿದ್ಯಾರ್ಥಿನಿ "ಫೋಟೊ ತೆಗೀಲಾ" ಎಂದು ಕೇಳಿದಾಗ ಸಿಗುವ ತಲೆಯಾಡಿಸುವಿಕೆಯನ್ನು ಒಪ್ಪಿಗೆ ಎಂದು ಭಾವಿಸಬೇಡಿ. ಬೇಡ ಎಂದರೆ ಆರೈಕೆ ಕಡಿಮೆಯಾದೀತು ಎಂಬ ಭಯ ಅವರಿಗಿರುತ್ತದೆ. ಎವಿಡೆನ್ಸ್ ಬೇಕಿದ್ದರೆ ಗಾಯದ ಕೈಬರಹದ ರೇಖಾಚಿತ್ರ, ಲ್ಯಾಬಿನ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಮಾಡಿದ ಡ್ರೆಸ್ಸಿಂಗ್‌ನ ಫೋಟೊ, ನೀವು ಸಹಿ ಹಾಕಿದ ಚೆಕ್‌ಲಿಸ್ಟ್ ಇವೆಲ್ಲ ಇವೆ. ರೇಖಾಚಿತ್ರ ಬರೆದವಳು ಗಾಯದ ಅಂಚನ್ನು ಫೋಟೊ ತೆಗೆದವಳಿಗಿಂತ ಚೆನ್ನಾಗಿ ನೋಡಿರುತ್ತಾಳೆ.

ಹೆಸರು ಬಿಟ್ಟರೂ ಗುರುತು ಉಳಿಯುವುದು ನಮ್ಮ ಕಡೆ ಹೆಚ್ಚು. ಕಾಫಿ ತೋಟದ ಲೈನ್ ಮನೆಗೆ ಕಮ್ಯೂನಿಟಿ ಭೇಟಿ ಹೋದ ವಿದ್ಯಾರ್ಥಿನಿ "ಇಂಥ ಎಸ್ಟೇಟಿನ 19 ವರ್ಷದ ಎರಡನೇ ಬಸುರಿ, ಹಿಮೊಗ್ಲೋಬಿನ್ 8.2" ಎಂದು ಬರೆದರೆ ಆ ಲೈನಿನಲ್ಲಿ ಅಂಥವಳು ಒಬ್ಬಳೇ. ಎಸ್ಟೇಟಿನ ಹೆಸರು ತೆಗೆದು "ತೋಟದ ಕಾರ್ಮಿಕರ ಮನೆ" ಎನ್ನಬೇಕು, ವಯಸ್ಸನ್ನು "20ರ ಆಸುಪಾಸು" ಎನ್ನಬೇಕು, ದಿನಾಂಕದ ಬದಲು "ಮೂರನೇ ವಾರ" ಎನ್ನಬೇಕು. ಕಲಿಕೆಗೆ ಬೇಕಾದ 8.2 ಉಳಿಯಲಿ. ಆ ಬರಹದ ತಿರುಳು ಇನ್ನೆಲ್ಲೋ ಇರುತ್ತದೆ: "ಕಬ್ಬಿಣದ ಮಾತ್ರೆ ತಪ್ಪದೆ ತಗೊಳ್ಳಿ ಎಂದು ಹೇಳಿ ಬಂದೆ. ಮಾತ್ರೆ ಹೇಗೆ ನುಂಗುತ್ತೀರಿ ಎಂದು ಕೇಳಲೇ ಇಲ್ಲ. ಎರಡನೇ ಭೇಟಿಯಲ್ಲಿ ಗೊತ್ತಾಯಿತು, ಕ್ಯಾಲ್ಸಿಯಂ ಮಾತ್ರೆ ಜೊತೆಗೇ ನುಂಗಿ ಮೇಲೆ ಕಾಫಿ ಕುಡಿಯುತ್ತಾರೆ." ಕಾಫಿಯೂ ಕ್ಯಾಲ್ಸಿಯಂ ಕೂಡ ಕಬ್ಬಿಣ ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ ಎಂಬುದು ಅವಳಿಗೆ ಪಾಠದಿಂದ ಗೊತ್ತಿತ್ತು. ಸಲಹೆ ಕೊಡುವ ಮೊದಲು ಕೇಳಬೇಕು ಎಂಬುದನ್ನು ಈ ಬರಹದಿಂದ ಕಲಿತಳು.

ತಪ್ಪು ಬರೆದರೆ

ಅವಲೋಕನ ಬರಹವನ್ನು ಘಟನಾ ವರದಿಯ ಬದಲಿಗೆ ಬಳಸುವ ಹಾಗಿಲ್ಲ. ಔಷಧ ತಪ್ಪಾಗಿದ್ದರೆ ಆ ಕ್ಷಣವೇ ಡ್ಯೂಟಿ ಸಿಸ್ಟರ್‌ಗೆ ಹೇಳಬೇಕು, ರೋಗಿಯನ್ನು ನೋಡಬೇಕು, ಆಸ್ಪತ್ರೆಯ ಘಟನಾ ವರದಿ ಹೋಗಬೇಕು. ಪೋರ್ಟ್‌ಫೋಲಿಯೊದಲ್ಲಿ ಬರೆದೆನಲ್ಲ ಎಂದು ಯಾರೂ ಸುಮ್ಮನಾಗುವಂತಿಲ್ಲ. ಆ ಕೆಲಸವೆಲ್ಲ ಆದ ಮೇಲೆ, ನಾನು ಯಾಕೆ ಹಾಗೆ ಮಾಡಿದೆ ಎಂಬ ಬರಹ ಬರುತ್ತದೆ. ಅದರಲ್ಲಿ ಇತರರ ಮೇಲೆ ಆರೋಪ, ಡಾಕ್ಟರ ಹೆಸರು, ಸಮಯದ ಸಾಕ್ಷ್ಯ ಇವು ಬೇಡ, ಅವಕ್ಕೆ ವರದಿಯೇ ಜಾಗ.

ಇದು ಸಂಪೂರ್ಣ ಗುಟ್ಟಾಗಿರುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ವಿಚಾರಣೆ ನಡೆದರೆ ಬರೆದ ಯಾವುದನ್ನೂ ಕೇಳಬಹುದು. ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ರೋಗಿಗೆ ಅಪಾಯ, ನಿನಗೇ ಅಪಾಯ, ಯಾರಿಂದಲಾದರೂ ಕಿರುಕುಳ, ಈ ಮೂರು ಕಂಡರೆ ನಾನು ಸುಮ್ಮನಿರುವುದಿಲ್ಲ, ಯಾರಿಗೆ ಹೇಳುತ್ತೇನೆ ಎಂಬುದನ್ನು ನಿನಗೆ ತಿಳಿಸಿಯೇ ಹೇಳುತ್ತೇನೆ. ಲೈಂಗಿಕ ಕಿರುಕುಳವಾದರೆ ಆಂತರಿಕ ಸಮಿತಿಯ ದಾರಿ ಇದೆ ಎಂದು ಅವಳಿಗೆ ಹೇಳಿ, ಜೊತೆಗಿರಿ. ಜೀವ ಬೇಡ ಎಂಬ ಮಾತು ಬರಹದಲ್ಲಿ ಬಂದರೆ ಕಾಮೆಂಟ್ ಬರೆಯುತ್ತಾ ಕೂರಬೇಡಿ, ಆ ದಿನವೇ ಅವಳ ಪಕ್ಕಕ್ಕೆ ಹೋಗಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲ ಸಾವು ನೋಡಿದ ವಾರ ಇಂಥ ಬರಹ ಬರುವ ಸಾಧ್ಯತೆ ಹೆಚ್ಚು, ಆ ವಾರ ಬರಹ ಬಂದ ದಿನವೇ ಓದಿ.

ಅಂಕ

ಬರಹದ ಭಾವನೆಗೆ ಅಂಕ ಕೊಟ್ಟರೆ ಭಾವನೆ ತಯಾರಾಗುತ್ತದೆ. ಪಶ್ಚಾತ್ತಾಪ ಹೆಚ್ಚು ತೋರಿಸಿದವಳಿಗೆ ಹೆಚ್ಚು ಅಂಕ ಎಂದು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ, ಆಗದ ತಪ್ಪನ್ನೂ ಕಟ್ಟಿ ಬರೆಯುತ್ತಾರೆ. ಅಂಕ ಕೊಡಲೇಬೇಕು ಎಂಬುದು ಕಾಲೇಜಿನ ನಿಲುವಾದರೆ ಹೀಗೆ ಮಾಡಬಹುದು: ಹತ್ತರಲ್ಲಿ ಎಂಟು ಬರಹ ಸಮಯಕ್ಕೆ ಬಂದು, ನಿಮ್ಮ ಪ್ರಶ್ನೆಗೆ ಉತ್ತರವೂ ಬಂದಿದ್ದರೆ ಪೂರ್ತಿ ಭಾಗವಹಿಸುವಿಕೆ ಅಂಕ, ಒಳಗೆ ಏನಿದೆ ಎಂಬುದು ಲೆಕ್ಕಕ್ಕಿಲ್ಲ. ಉಳಿದ ಅಂಕ ಅವಳೇ ಆರಿಸಿ ತಿದ್ದಿದ ಒಂದೇ ಒಂದು ಬರಹಕ್ಕೆ. ಅದರಲ್ಲಿ ನೋಡುವುದು, ಘಟನೆ ಖಚಿತವಾಗಿದೆಯೇ, ಕಾರಣವನ್ನು ತನ್ನ ಊಹೆಯವರೆಗೆ ಹಿಂಬಾಲಿಸಿದ್ದಾಳೆಯೇ, ಪುಸ್ತಕದ ತಿಳಿವಳಿಕೆಗೆ ಜೋಡಿಸಿದ್ದಾಳೆಯೇ, ಮುಂದಿನ ಕೆಲಸ ವಾರ್ಡ್‌ನಲ್ಲಿ ಮಾಡಿ ನೋಡುವಂಥದ್ದೇ. ರೋಗಿಯ ಗುರುತು ಉಳಿದಿದ್ದರೆ ಅಂಕ ಕೊಡದೆ ವಾಪಸ್. ಇದರ ಅಪಾಯವೂ ಇದೆ: ಕೆಲವರು ಎಂಟು ಬರಹವನ್ನು ಹೇಗೋ ಮುಗಿಸುತ್ತಾರೆ. ಅವರನ್ನು ಅಂಕದಿಂದ ಹಿಡಿಯಲು ಹೋಗಬೇಡಿ, ಕರೆದು ಮಾತಾಡಿ.

ಎಐ ಬಳಸಿ ಬರೆಯುವುದಕ್ಕೂ ಉಪಾಯ ಅದೇ. ಪತ್ತೆ ಮಾಡುತ್ತೇವೆ ಎನ್ನುವ ಸಾಧನಗಳನ್ನು ನಂಬಿ ಒಬ್ಬಳ ಮೇಲೆ ಆರೋಪ ಹೊರಿಸಬೇಡಿ, ಅವು ತಪ್ಪುತ್ತವೆ. "ಕ್ಯಾನುಲಾ ಯಾವ ಕೈಯಲ್ಲಿತ್ತು, ಆಮೇಲೆ ಏನು ಮಾಡಿದಿರಿ" ಎಂದು ಐದು ನಿಮಿಷ ಕೇಳಿದರೆ ಅಲ್ಲಿದ್ದವಳಿಗೆ ಉತ್ತರ ತಡವರಿಸುವುದಿಲ್ಲ. ರೋಗಿಯ ವಿವರವನ್ನು ಅಂಥ ಆಪ್‌ಗೆ ಹಾಕುವುದೂ ಗೋಪ್ಯತೆ ಮುರಿದಂತೆಯೇ ಎಂದು ನಿಯಮದಲ್ಲಿ ಸೇರಿಸಿ.

ವಿದೇಶಕ್ಕೆ ಹೋಗಬೇಕೆನ್ನುವ ಮಕ್ಕಳಿಗೆ ಒಂದು ಮಾತು ಹೇಳಬಹುದು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ ಐದು ಅವಲೋಕನ ಬರಹ ಬೇಕು, ಅದರಲ್ಲಿ ಯಾರ ಗುರುತೂ ಇರಬಾರದು. ಅಂಕದ ಆಸೆಗಿಂತ ಇದು ಅವರನ್ನು ಹೆಚ್ಚು ಎಬ್ಬಿಸುತ್ತದೆ.

ಕಂಪನಿಯವರು ಮತ್ತೆ ಬಂದಾಗ ಇಷ್ಟು ಕೇಳಿ: ದತ್ತಾಂಶ ಎಲ್ಲಿ ಇರುತ್ತದೆ? ವಿದ್ಯಾರ್ಥಿನಿ ಕಳಿಸದ ಬರಹ ಶಿಕ್ಷಕರಿಗೆ, ಆಡಳಿತಕ್ಕೆ, ನಿಮ್ಮ ಸಿಬ್ಬಂದಿಗೆ ಕಾಣುತ್ತದೆಯೇ? ಕನ್ನಡದಲ್ಲಿ ಟೈಪಿಸಿ, ಹುಡುಕಿ ತೋರಿಸಿ. ನೆಟ್ ಆಫ್ ಮಾಡಿ ಬರೆದು ತೋರಿಸಿ. ನಾವು ಹಣ ಕಟ್ಟುವುದು ನಿಲ್ಲಿಸಿದ ದಿನ ಮಕ್ಕಳ ಬರಹ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ? ಕೊನೆಯದಕ್ಕೆ ನೇರ ಉತ್ತರ ಬರದಿದ್ದರೆ ಕೊಳ್ಳಬೇಡಿ.

60 ಮಕ್ಕಳಿಗೂ ಒಮ್ಮೆಲೇ ಶುರುಮಾಡಬೇಡಿ. ನಿಮ್ಮ ಪಾಲಿನ 15 ಮಕ್ಕಳು, ಒಂದೇ ವಾರ್ಡ್, ಆರು ವಾರ, ಮೂರು ಬರಹ. ಮೊದಲ ಬರಹವನ್ನು ನೀವೇ ಬರೆದು ಅವರಿಗೆ ತೋರಿಸಿ, ನಿಮ್ಮ ಕೆಲಸದಲ್ಲಿ ನೀವು ಮರುಯೋಚಿಸಿದ ಒಂದು ಪ್ರಸಂಗ ಅದರಲ್ಲಿರಲಿ. ಆರನೇ ವಾರ ಮಕ್ಕಳನ್ನೇ ಕೇಳಿ, ಯಾವ ಉತ್ತರದಿಂದ ವಾರ್ಡ್‌ನಲ್ಲಿ ಏನಾದರೂ ಬೇರೆ ಮಾಡಿದಿರಿ ಎಂದು. ಒಬ್ಬರೂ ಹೇಳಲಾಗದಿದ್ದರೆ ಬದಲಾಗಬೇಕಾದದ್ದು ಸಾಫ್ಟ್‌ವೇರ್ ಅಲ್ಲ, ಉತ್ತರ ಬರೆಯುವ ರೀತಿ. ಎಂಟನೇ ಸೆಮಿಸ್ಟರ್‌ನ ಕೊನೆಯ ತಿಂಗಳಲ್ಲಿ ಪ್ರತಿಯೊಬ್ಬರೂ ತಮ್ಮ ಫೋಲ್ಡರನ್ನು ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಎಂದು ಖಚಿತ ಮಾಡಿಕೊಳ್ಳಿ. ವಿಶ್ವವಿದ್ಯಾಲಯಕ್ಕೆ ಬೇಕಾದ ಅಂಕದ ದಾಖಲೆ ಬಿಟ್ಟು ಉಳಿದ ಪ್ರತಿಗಳನ್ನು ಫಲಿತಾಂಶ ಬಂದ ಮೇಲೆ ಕಾಲೇಜಿನ ಖಾತೆಯಿಂದ ಅಳಿಸಿ, ಅಳಿಸಿದ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದಿಡಿ.